ಸ್ವಾಗತ ಅಲ್ಲ, ಸ್ವಗತ

ದರ್ಜಿಗೆ ಕೋಪ ಮೂಗಿನ ತುದಿಯಲ್ಲೇ ಇತ್ತು. ಕೋಪ ಇಳಿದ ಮೇಲೆ ‘ತಪ್ಪಾಯ್ತು’ ಅನ್ನಲು ಮಾತ್ರ ನಾಲಿಗೆ ಹೊರಳುತ್ತಿರಲಿಲ್ಲ.

ಸೋಮವಾರ ಒಬ್ಬ ಗಿರಾಕಿಯ ಕೋಟಿನ ಎರಡೂ ತೋಳು ಎಡಗೈಯವೇ ಆಗಿಹೋಗಿದ್ದವು. ಗಿರಾಕಿಯ ಎದುರೇ ದರ್ಜಿ ಹೆಂಡತಿಯ ಮೇಲೆ ಹರಿಹಾಯ್ದಿದ್ದ. “ಎಡ ಬಲ ಗೊತ್ತಿಲ್ಲದವಳು ಮಷೀನಿನ ಮುಂದೆ ಯಾಕೆ ಕೂರ್ತೀಯ?” ಆಮೇಲೆ ನೋಡಿದರೆ ತೋಳನ್ನು ಹಾಗೆ ಕತ್ತರಿಸಿದ್ದವನು ತಾನೇ. “ತೋಳು ಯಾಕೋ ಸರಿಯಿಲ್ಲ” ಅಂತ ಅವಳು ಮೊದಲೇ ಹೇಳಿದ್ದಳು. “ಕೊಟ್ಟದ್ದನ್ನ ಹೊಲಿ” ಅಂದವನೂ ಇವನೇ.

ಅಂದಿನಿಂದ ಅವಳು ಇವನ ಹತ್ತಿರ ಒಂದು ಮಾತೂ ಆಡಿರಲಿಲ್ಲ. ಹೇಳುವುದೆಲ್ಲ ಅತ್ತೆಯ ಮೂಲಕ. “ಅತ್ತೆ, ನಿಮ್ಮ ಮಗನಿಗೆ ಊಟ ಆರ್ತಿದೆ ಅಂತ ಹೇಳಿ.” ಅಂಗಡಿಯ ಮೂಲೆಯಲ್ಲಿ ಕೂತು ಗುಂಡಿ ಹೊಲಿಯುವ ಅಮ್ಮನಿಗೆ ಸಾಕುಸಾಕಾಗಿತ್ತು. “ನಾನೇನು ನಿಮ್ಮಿಬ್ಬರ ಟಪಾಲು ಪೆಟ್ಟಿಗೇನಾ?”

ಗುರುವಾರ ಮಧ್ಯಾಹ್ನ ದರ್ಜಿ ಕತ್ತರಿಸುವ ಮೇಜಿನ ಮೇಲೆ ಕಾಲು ಇಳಿಬಿಟ್ಟು ಕೂತು ಪುಸ್ತಕ ತೆಗೆದ. ಏಳನೇ ಕ್ಲಾಸಿಗೇ ಶಾಲೆ ಬಿಟ್ಟರೂ ಓದುವ ಚಟ ಬಿಟ್ಟಿರಲಿಲ್ಲ. ಈ ಸಲ ಲೈಬ್ರರಿಯಲ್ಲಿ ಸಿಕ್ಕಿದ್ದು ಇಟಲಿಯ ಒಂದು ನಾಟಕದ ಅನುವಾದ. ಪಾತ್ರಗಳ ಹೆಸರು ಬಾಯಿಗೆ ಹತ್ತದೆ ಇವನೇ ಬೇರೆ ಹೆಸರಿಟ್ಟಿದ್ದ: ಟೋಪಿ ಮಾರುವ ಮುದುಕ ಟೋಪಿಯಪ್ಪ, ಅವನ ಮನೆಗೆಲಸದವಳು ಚೂಟಿ. ನಾಟಕ ಅಂದಮೇಲೆ ಗಟ್ಟಿಯಾಗಿ ಓದಬೇಕು ಅನ್ನುವುದು ಅವನ ವಾದ. ಇವತ್ತು ಇನ್ನೂ ಗಟ್ಟಿಯಾಗಿ ಓದಿದ, ಹೆಂಡತಿ ನಕ್ಕರೂ ನಕ್ಕಾಳು ಅಂತ.

“ಚೂಟಿ: ನಿಮ್ಮ ಟೋಪಿ ಎಷ್ಟು ಚೆಂದ ಯಜಮಾನರೇ! ಸ್ವಾಗತ! ಕೆಳಗೆ ತಲೆ ಇದ್ದಿದ್ದರೆ ಇನ್ನೂ ಚೆಂದ ಇರುತ್ತಿತ್ತು. ಟೋಪಿಯಪ್ಪ: ನಿನ್ನ ಕೈಯಡುಗೆ ಅಮೃತ! ಸ್ವಾಗತ! ನಾಯಿಗೆ ಹಾಕಿದರೆ ನಾಯಿಯೂ ಊರು ಬಿಡುತ್ತೆ.”

ಅಮ್ಮ ಕಿಸಕ್ಕನೆ ನಕ್ಕಳು.

“ಎಂಥ ಮರ್ಯಾದಸ್ಥರಮ್ಮಾ ಇವರು! ಬೈಯೋ ಮುಂಚೆ ಪ್ರತಿ ಸಲ ಸ್ವಾಗತ ಕೋರ್ತಾರೆ. ಅಚ್ಚು ಹಾಕಿದವನು ಮಾತ್ರ ಎಲ್ಲ ಕಡೆ ದೀರ್ಘ ನುಂಗಿಬಿಟ್ಟಿದ್ದಾನೆ,” ಅಂದ ದರ್ಜಿ.

ಮಷೀನು ನಿಂತಿತು. ಹೆಂಡತಿಯ ಹೆಗಲು ಕುಲುಕುತ್ತಿತ್ತು.

“ಅತ್ತೆ, ನಿಮ್ಮ ಮಗನಿಗೆ ಹೇಳಿ, ಅದು ಸ್ವಾಗತ ಅಲ್ಲ, ಸ್ವಗತ. ಪಾತ್ರ ತನಗೆ ತಾನೇ ಹೇಳಿಕೊಳ್ಳೋ ಮಾತು. ನಾಟಕ ನೋಡೋರಿಗೆ ಕೇಳುತ್ತೆ, ಪಕ್ಕದಲ್ಲಿ ನಿಂತ ಪಾತ್ರಕ್ಕೆ ಕೇಳಲ್ಲ. ಶಾಲೇಲಿ ನಾನೂ ನಾಟಕ ಮಾಡಿದೀನಿ.”

ದರ್ಜಿಯ ಕಿವಿ ಕೆಂಪಾದವು. ಬಾಯಿಗೆ ಬಂದ ಬೈಗುಳ ನುಂಗಿ ಹಾಳೆ ನೋಡಿದ. ಮತ್ತೊಮ್ಮೆ ಓದಿದ. ಅರೆ, ತುಟಿಯಲ್ಲೊಂದು ಹೊಟ್ಟೆಯಲ್ಲೊಂದು! ಈಗ ನಾಟಕ ಎರಡು ಪಟ್ಟು ರುಚಿಸಿತು. ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ನಕ್ಕು ಮುಗಿದಾಗ ಒಂದು ಉಪಾಯ ಹೊಳೆದಿತ್ತು.

ಮೇಜಿನಿಂದಿಳಿದು ಅಳತೆ ಟೇಪನ್ನು ಹೆಗಲಿಗೆ ಎಸೆದುಕೊಂಡು ಗೋಡೆಗೆ ಮುಖ ಮಾಡಿದ.

“ಸ್ವಗತ! ತೋಳು ಕೆಡಿಸಿದ್ದು ನಾನು. ಬೈಸಿಕೊಂಡವಳು ಅವಳು. ತಪ್ಪು ನನ್ನದೇ.”

ಅಮ್ಮನ ಸೂಜಿ ಗಾಳಿಯಲ್ಲೇ ನಿಂತಿತು.

“ಅತ್ತೆ, ನಿಮಗೇನಾದ್ರೂ ಕೇಳಿಸ್ತಾ?”

“ನೋಡೋಕೆ ಕೂತವಳು ನಾನು. ನನಗೆ ಚೆನ್ನಾಗೇ ಕೇಳಿಸ್ತಮ್ಮ.”

“ನನಗೆ ಕೇಳಿಸಲಿಲ್ಲ. ನಾನು ಪಕ್ಕದ ಪಾತ್ರ.”

ಎಲಾ ಇವಳ! ದರ್ಜಿ ಗೋಡೆಯಿಂದ ತಿರುಗಿದ. ಅಷ್ಟರಲ್ಲಿ ಬಾಗಿಲಲ್ಲಿ ಕೋಟಿನ ಗಿರಾಕಿಯೇ ನಿಂತಿದ್ದ. “ಏನಪ್ಪಾ, ಈ ಸಲ ತೋಳು ಸರಿ ಹೊಲಿದ್ರಾ ಇವರು?”

ಹೆಂಡತಿ ತಲೆ ತಗ್ಗಿಸಿ ಕೈಸೂಜಿಗೆ ದಾರ ಪೋಣಿಸತೊಡಗಿದಳು. ದರ್ಜಿ ಗಂಟಲು ಸರಿಮಾಡಿಕೊಂಡ. ಬೀದಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದ.

“ಅವಳು ಯಾವತ್ತೂ ಸರಿಯಾಗೇ ಹೊಲಿಯೋದು ಸ್ವಾಮಿ. ಕತ್ತರಿಸಿ ಕೆಡಿಸಿದವನು ನಾನು. ತಪ್ಪಾಯ್ತು ಕಣೇ.”

ದಾರಕ್ಕೆ ಸೂಜಿಯ ಕಣ್ಣು ಸಿಗಲಿಲ್ಲ. ಅವಳು ಸೂಜಿಯನ್ನು ಅತ್ತೆಯ ಕೈಗೆ ಕೊಟ್ಟು ಇವನ ಕಡೆ ನೋಡಿದಳು.

“ರೀ, ಅವರಿಗೊಂದು ಸ್ಟೂಲ್ ಕೊಟ್ಟು ಮುಂದಕ್ಕೆ ಓದಿ. ಸ್ವಾಗತ ಅಂತಲೇ ಓದಿ. ನೀವು ಓದಿದ್ದೇ ಚೆನ್ನಾಗಿತ್ತು.”