ಎದುರಿನಿಂದ ಓದಿದ ಅಂಕಿ

"ಎಂಬತ್ತಾರು" ಎಂದು ಮುಂದಿನ ಸಾಲಿನವರು ಒಟ್ಟಿಗೆ ಓದಿದರು.

ವೇದಿಕೆಯ ಮೇಲೆ ಕೈ ಚಾಚಿ ನಿಂತಿದ್ದ ಯಶೋಧ ತನ್ನ ಬೆರಳು ನೋಡಿಕೊಂಡಳು. ತೋರಿಸಿಕೊಡಲೆಂದು ಡಾಕ್ಟರು ಅದಕ್ಕೆ ಕಚ್ಚಿಸಿದ್ದ ಆಕ್ಸಿಮೀಟರ್ ಅವಳಿಗೆ ತೊಂಬತ್ತೆಂಟು ತೋರಿಸುತ್ತಿತ್ತು. ಡಾಕ್ಟರು ನಕ್ಕು, ಎದುರಿನಿಂದ ಓದಿದರೆ ಅಂಕಿ ತಲೆಕೆಳಗಾಗುತ್ತದೆ, 98 ಇದ್ದದ್ದು 86, 86 ಇದ್ದದ್ದು 98 ಎಂದು ಮೈಕಿನಲ್ಲಿ ವಿವರಿಸಿದರು. ನಾಗಮಂಗಲದ ಆ ಸಭಾಭವನದ ತುಂಬ ನಗು.

ಯಶೋಧ ನಗಲಿಲ್ಲ. ಕೈ ತಿರುಗಿಸಿ ಆ ಅಂಕಿಯನ್ನು ತಾನೂ ಎದುರಿನಿಂದ ಓದಿ ನೋಡಿದಳು.

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ, ಈ ನಾಲ್ಕು ತಾಲ್ಲೂಕಿನ ಆರೋಗ್ಯ ಸಹಾಯಕಿಯರಿಗೆ ಕೊರೊನಾ ಬಗ್ಗೆ ನಡೆಸಿದ ಪರೀಕ್ಷೆಯಲ್ಲಿ ಐವತ್ತಕ್ಕೆ ಐವತ್ತು ತೆಗೆದವಳು ಅವಳೊಬ್ಬಳೇ, ಅದಕ್ಕೇ ಈ ಸನ್ಮಾನ. ಆಕ್ಸಿಜನ್ ತೊಂಬತ್ನಾಲ್ಕಕ್ಕಿಂತ ಇಳಿದರೆ ಆಸ್ಪತ್ರೆಗೆ. ಸರಿ. ಸೋಂಕಿತರ ಹತ್ತಿರ ಹೋಗಲು ಭಯವಿದೆಯೇ? ಇಲ್ಲ. ಅದೂ ಸರಿ. ಭಯಕ್ಕೂ ಸರಿಯುತ್ತರವೊಂದು ಇರುತ್ತದೆಂದು ಓದಿಕೊಂಡವಳಿಗೆ ಗೊತ್ತಿತ್ತು.

ಎರಡನೆಯ ಅಲೆಯಲ್ಲಿ ದೇವಲಾಪುರದ ಕಡೆ ಮನೆಮನೆ ತಿರುಗಿದ್ದಳು, ಯಾರ ಹೊಸಿಲನ್ನೂ ದಾಟಿರಲಿಲ್ಲ. ಆಕ್ಸಿಮೀಟರನ್ನು ಕಾಂಪೌಂಡಿನ ಮೇಲಿಟ್ಟು ಹಿಂದೆ ಸರಿಯುವುದು, ರೋಗಿ ತಾನೇ ಬೆರಳಿಗೆ ಹಾಕಿಕೊಂಡು ಕೈ ಚಾಚುವುದು, ಇವಳು ಗೇಟಿನಾಚೆ ಎದುರಿಗೆ ನಿಂತು ಓದಿ ಬರೆದುಕೊಳ್ಳುವುದು. ಅಲ್ಲಿ ಸೋಂಕು ತಗುಲಿದ್ದ ಚಿಕ್ಕಸಿದ್ದಯ್ಯನವರೂ ಹಾಗೇ ಕೈ ಚಾಚಿದ್ದರು. ಅವರ ಏದುಸಿರು ಕಂಡೂ ಅವಳು ಅಂಕಿಯನ್ನೇ ನಂಬಿದಳು. ತೊಂಬತ್ತೆಂಟಿದೆ, ಏನೂ ಭಯವಿಲ್ಲ ಎಂದು ಕೂಗಿ ಹೇಳಿ ಬಂದಳು. ಮಾರನೆಯ ಬೆಳಿಗ್ಗೆ ಅವರು ಏಳಲಿಲ್ಲ. ಹೃದಯಾಘಾತವಿರಬೇಕು ಎಂದು ವರದಿಯಲ್ಲಿ ಬರೆದವಳೂ ಅವಳೇ.

ಈಗ ಊರಿನ ಪರವಾಗಿ ಅವಳಿಗೆ ಶಾಲು ಹೊದಿಸಲು ಕರೆಸಿದ್ದು ಚಿಕ್ಕಸಿದ್ದಯ್ಯನವರ ಹೆಂಡತಿ ಲಕ್ಷ್ಮಿದೇವಮ್ಮನವರನ್ನು. ಮುಂದಿನ ಸಾಲಿನಲ್ಲಿ ಕೂತು ಡಾಕ್ಟರ ಮಾತನ್ನೆಲ್ಲ ಕೇಳಿಸಿಕೊಂಡಿದ್ದವರು ಮೆಟ್ಟಿಲು ಹತ್ತಿ ಬಂದರು. ಅರ್ಥವಾಗಿದೆಯೋ ಇಲ್ಲವೋ ಮುಖದಲ್ಲಿ ತಿಳಿಯಲಿಲ್ಲ.

ನಾಚಿಕೆಗೇಡು, ಆಗಲೂ ಯಶೋಧಳಿಗೆ ಹೆಮ್ಮೆಯೆನಿಸಿತು. ಸಭೆ ಎದ್ದು ನಿಂತಿತ್ತು. ಇಪ್ಪತ್ತು ವರ್ಷದ ನೌಕರಿಯಲ್ಲಿ ಯಾರೂ ಹೆಸರು ಹಿಡಿದು ಕರೆಯದಿದ್ದವಳನ್ನು ಮೈಕು ಮೂರು ಸಲ ಕರೆದಿತ್ತು. ನಿಜ ಹೇಳಿದರೆ ಇದಿಷ್ಟೂ ಹೋಗುತ್ತದೆ, ಹೇಳದಿದ್ದರೆ ಈ ಹೆಂಗಸಿನ ಮುಖವನ್ನು ಮತ್ತೆ ನೋಡುವಂತಿಲ್ಲ.

ಶಾಲು ಭುಜಕ್ಕೆ ಬಿತ್ತು. ಯಶೋಧ ಮೈಕಿಗೆ ಬೆನ್ನು ಮಾಡಿದಳು.

"ಅವತ್ತು ನಾನು ಓದಿದ್ದು ತಪ್ಪಾಗಿತ್ತು ಕಣಮ್ಮ."

"ಅದ್ಯಾಕೀಗ, ಬುಡಿ ನರ್ಸಮ್ಮ."

"ಗೇಟಿನ ಒಳಕ್ಕೇ ಬರಲಿಲ್ಲ ನಾನು."

"ಗೇಟ್‌ಗಂಟ ಬಂದೋರೂ ನೀವೊಬ್ರೆಯಾ." ಲಕ್ಷ್ಮಿದೇವಮ್ಮ ತೋರುಬೆರಳು ಮುಂದೆ ಮಾಡಿದರು. "ನೀವು ತೊಂಬತ್ತೆಂಟು ಅಂದ್ಮೇಲೆ ನಮ್ಮೆಜಮಾನ್ರು ಯೋಚ್ನೆ ಬುಟ್ಟು ನಿಸೂರಾಗಿ ಮನಿಕಂಡ್ರು. ನಂಗೂ ಅಂಗೇ ಯೋಳಿ."

ಇದು ಕ್ಷಮೆಯೋ ಶಿಕ್ಷೆಯೋ ತಿಳಿಯದೆ ಯಶೋಧ ಆ ಕೈ ಹಿಡಿದಳು. ಆ ಮನೆಯವರನ್ನು ಅವಳು ಮುಟ್ಟಿದ್ದು ಅದೇ ಮೊದಲು. ಬೆರಳು ತಣ್ಣಗಿತ್ತು, ದುಡಿದು ಒರಟಾಗಿತ್ತು. ತನ್ನ ಬೆರಳಿನಿಂದ ಯಂತ್ರವನ್ನು ತೆಗೆದು ಅದಕ್ಕೆ ಕಚ್ಚಿಸಿದಳು. ಫೋಟೊದವನು ಕೈ ಎತ್ತಿ ಹಿಡಿಯಲು ಹೇಳಿದ. ಇಬ್ಬರೂ ಎತ್ತಿದರು.

ತಣ್ಣಗಿದ್ದ ಬೆರಳಿಗೆ ಅಂಕಿ ಬರಲಿಲ್ಲ. ಎರಡು ಕೆಂಪು ಗೀಟು ಮಾತ್ರ ಮಿನುಗುತ್ತಿದ್ದವು, ಯಾವ ಕಡೆಯಿಂದ ನೋಡಿದರೂ ಒಂದೇ ಥರ. ಕೆಳಗೆ ಸಭೆ ಎಷ್ಟು, ಎಷ್ಟು ಎಂದು ಕೇಳುತ್ತ, ಉತ್ತರಕ್ಕೆ ಕಾಯದೆ ಚಪ್ಪಾಳೆ ತಟ್ಟತೊಡಗಿತ್ತು.