ಚೀಟಿಯಿಲ್ಲದ ಭರಣಿ

ಆ ಮನೆಯ ಅಡುಗೆಕೋಣೆಯ ಮೇಲಿನ ಹಲಗೆಯಲ್ಲಿ ಒಂದು ಭರಣಿ ಇತ್ತು. ಸೊಸೆ ಬಸುರಾದಳೆಂದರೆ ಭರಣಿ ಕೆಳಗಿಳಿಯುತ್ತಿತ್ತು. ದಿನವೂ ಬರಿಹೊಟ್ಟೆಗೆ ಒಂದು ಲೋಟ ಕಷಾಯ. ಅದರಲ್ಲಿ ಏನಿದೆಯೆಂದು ಕೇಳುವ ಹಾಗಿಲ್ಲ. ಕೇಳಿದರೆ ಅದರ ಗುಣ ಹೋಗುತ್ತದಂತೆ. ತಲೆತಲಾಂತರದಿಂದ ಬಂದ ಮಾತು.

ಹಿರಿಸೊಸೆ ಎರಡು ಬಸುರಿನಲ್ಲೂ ಕೇಳದೆ ಕುಡಿದಿದ್ದಳು. ಎರಡು ಸಲವೂ ನಾಲ್ಕನೆಯ ತಿಂಗಳಿಗೆ ಗರ್ಭ ಇಳಿದುಹೋಯಿತು. "ನಂಬಿಕೆ ಇಟ್ಕೊಂಡು ಕುಡಿಲಿಲ್ಲ ಅವಳು" ಎಂದು ಅತ್ತೆ ತೀರ್ಪು ಕೊಟ್ಟರು. ಅಂದಿನಿಂದ ಆಕೆ ಮಾತಾಡಿದ್ದಕ್ಕಿಂತ ಪಾತ್ರೆ ತಿಕ್ಕಿದ್ದೇ ಹೆಚ್ಚು.

ಈಗ ಕಿರಿಸೊಸೆಗೆ ಮೂರು ತಿಂಗಳು. ಅವಳು ಬೀಜದಂಗಡಿಯಲ್ಲಿ ಪೊಟ್ಟಣ ಕಟ್ಟುವವಳು. ಹೆಸರಿನ ಚೀಟಿ ಅಂಟಿಸದ ಪೊಟ್ಟಣ ಅಲ್ಲಿ ಮೇಜು ದಾಟುವಂತಿಲ್ಲ. ಮೊದಲ ಲೋಟ ಮುಂದೆ ಬಂದ ದಿನವೇ ಅವಳು ಕೇಳಿಬಿಟ್ಟಳು:

"ಅತ್ತೆ, ಇದರಲ್ಲಿ ಏನೇನಿದೆ?"

ಹಿತ್ತಿಲಲ್ಲಿ ಹಲ್ಲುಜ್ಜುತ್ತಿದ್ದ ಮಾವ, "ಶುರುವಾಯ್ತಪ್ಪ" ಎಂದು ಗೊಣಗಿ ಬಾಯಿ ಮುಕ್ಕಳಿಸಿದರು.

"ಕಣ್ಮುಚ್ಚಿ ಕುಡಿಯೇ" ಎಂದರು ಅತ್ತೆ. "ನಾನು ಕುಡಿಲಿಲ್ವಾ? ನಿನ್ನ ಗಂಡ ಗುಂಡುಕಲ್ಲಿನ ಹಾಗೆ ಹುಟ್ಟಲಿಲ್ವಾ?"

"ಹುಟ್ಟಿದ್ರು. ಅಕ್ಕನ ಮಕ್ಕಳು ಯಾಕೆ ಹುಟ್ಟಲಿಲ್ಲ?"

ಪಾತ್ರೆ ತಿಕ್ಕುವ ಸದ್ದು ನಿಂತಿತು.

ಕಿರಿಸೊಸೆ ಭರಣಿಯನ್ನೆತ್ತಿ ಹಳೆಯ ಪತ್ರಿಕೆಯ ಮೇಲೆ ಸುರಿದಳು. ಅಂಗಡಿಯಲ್ಲಿ ಬೀಜ ಆರಿಸುವಂತೆ ಬೆರಳ ತುದಿಯಿಂದ ಬೇರೆ ಬೇರೆ ಮಾಡಿದಳು. "ಇದು ಒಣಶುಂಠಿ. ಇದು ಸೋಂಪು. ಇದು?"

ಕಪ್ಪಗೆ ಸುಕ್ಕುಗಟ್ಟಿದ ಒಂದು ಬೇರಿನ ತುಂಡು. ಅತ್ತೆ ಅದನ್ನು ನೋಡಿದರು, ಆಮೇಲೆ ಗೋಡೆ ನೋಡಿದರು.

"ನಾರುಬೇರಿನ ಅಂಗಡಿಯವನು ಕೊಡ್ತಾನೆ. ನಮ್ಮತ್ತೆ ಹಾಕ್ತಿದ್ರು, ನಾನೂ ಹಾಕ್ತೀನಿ."

"ಹೆಸರು?"

"ಕೇಳಬಾರದು ಅಂದಿದ್ರು. ಕೇಳಲಿಲ್ಲ."

"ಅಂದ್ರೆ ನಿಮಗೂ ಗೊತ್ತಿಲ್ಲ!" ಕಿರಿಸೊಸೆಯ ದನಿ ತಗ್ಗಲಿಲ್ಲ. "ಕೆಲವು ಬೇರು ಗರ್ಭಾನೇ ಇಳಿಸುತ್ತೆ, ಗುರುತಿಲ್ಲದ್ದನ್ನ ಬಾಯಿಗೆ ಹಾಕಬೇಡ ಅಂತ ಆಸ್ಪತ್ರೆ ನರ್ಸಮ್ಮ ಹೇಳಿದಾರೆ. ದೇವರು ಒಂದೊಂದು ಎಲೆಗೂ ಒಂದೊಂದು ವಾಸನೆ ಕೊಟ್ಟಿರೋದು ನಾವು ಗುರುತು ಹಿಡೀಲಿ ಅಂತ, ಅತ್ತೆ. ಕಣ್ಮುಚ್ಚಿ ಕುಡೀಲಿ ಅಂತಲ್ಲ. ನಾನು ಕುಡಿಯಲ್ಲ."

"ಈ ಮನೇಲಿ ಇರಬೇಕಾದ್ರೆ ಕುಡೀಲೇಬೇಕು!"

ಹಿರಿಸೊಸೆ ಒದ್ದೆ ಕೈಯಲ್ಲೇ ಬಂದಳು. ಲೋಟ ಎತ್ತಿಕೊಂಡಳು. ಬಚ್ಚಲಿಗೆ ಸುರಿದು, ಎರಡು ಸಲ ತೊಳೆದು, ಬೋರಲು ಹಾಕಿದಳು.

"ಈ ಮನೇಲೇ ಇರ್ತೀವಿ," ಎಂದಳು. "ಕುಡಿಯಲ್ಲ."

ಅತ್ತೆ ಮೂಲೆಯ ಮಣೆಯ ಮೇಲೆ ಕೂತರು. ಯಾರೂ ಅವರನ್ನು ಬಯ್ಯಲಿಲ್ಲ. ಕಿರಿಸೊಸೆ ಕಿಟಕಿಯ ಕುಂಡದಿಂದ ತಾನೇ ನೆಟ್ಟ ಪುದೀನದ ಎಂಟು ಎಲೆ ಕಿತ್ತು, ಮೂರು ನೀರಿನಲ್ಲಿ ತೊಳೆದಳು. ಕುದಿದ ನೀರನ್ನು ಇಳಿಸಿ, ಎಲೆ ಹಾಕಿ, ಐದು ನಿಮಿಷ ತಟ್ಟೆ ಮುಚ್ಚಿಟ್ಟು ಸೋಸಿದಳು. ತೆಳ್ಳಗೆ ಮಾಡಿ ದಿನಕ್ಕೆ ಒಂದೇ ಲೋಟ ಕುಡಿಯಬಹುದೆಂದು ನರ್ಸಮ್ಮನನ್ನು ಕೇಳಿ ತಿಳಿದುಕೊಂಡೇ ಬಂದಿದ್ದಳು. ಒಂದು ಲೋಟ ತನಗೆ, ಒಂದು ಅಕ್ಕನಿಗೆ. ಮೂರನೆಯದನ್ನು ಅತ್ತೆಯ ಮುಂದಿಟ್ಟಳು.

ಅತ್ತೆ ಮೂಸಿ ನೋಡಿ ಮುಖ ತಿರುಗಿಸಿದರು. "ಏನು ಹಾಕಿದೀಯೋ ಯಾರಿಗೆ ಗೊತ್ತು!"

"ಕೇಳಿ ಅತ್ತೆ. ಹೇಳ್ತೀವಿ."

ಪತ್ರಿಕೆಯ ಮೇಲೆ ಆ ಕರಿಯ ಬೇರು ಹಾಗೇ ಬಿದ್ದಿತ್ತು. ಅತ್ತೆ ಅದನ್ನು ಬೆರಳಲ್ಲಿ ಹೊರಳಿಸಿ ಹೊರಳಿಸಿ ನೋಡಿದರು. ಲೋಟದ ಹಬೆ ಅಡಗುತ್ತ ಬಂದಾಗ, ಬಾಯಿ ಬಿಟ್ಟರು.

"ಏನಿದೆ ಇದರಲ್ಲಿ?"

ಉತ್ತರ ಕೊಟ್ಟವಳು ಹಿರಿಸೊಸೆ. "ಪುದೀನ, ಅತ್ತೆ. ಬಿಸಿನೀರು. ಇನ್ನೇನೂ ಇಲ್ಲ."