ಜಾಗಕ್ಕೇನು ಕಷ್ಟ?

ಕೆರೆಯ ದಂಡೆಯಿಂದ ಐವತ್ತಡಿಯೊಳಗೆ ಯಾರೂ ಏನೂ ಕಟ್ಟಬಾರದು ಎಂಬುದು ಕಾನೂನು. ನಮ್ಮ ಹಿಂಬಾಗಿಲಿಗೂ ಕೆರೆಗೂ ಐವತ್ತನಾಲ್ಕು ಅಡಿ. ಅಂದರೆ ನಾಲ್ಕಡಿ ಅಗಲದ ವರಾಂಡವನ್ನು ನಾವು ಧಾರಾಳವಾಗಿ ಕಟ್ಟಿಕೊಳ್ಳಬಹುದಿತ್ತು. ಅದರಲ್ಲಿ ಅತ್ತೆಯ ಗಾಲಿಕುರ್ಚಿ ತಿರುಗುವುದಿಲ್ಲ, ಅಷ್ಟೆ. ಎಂಟಡಿ ಬೇಕಿತ್ತು.

ಮೊಣಕಾಲು ಕೈಕೊಡುವವರೆಗೆ ಅತ್ತೆ ದಿನಾ ಸಂಜೆ ನೀರಿಗೆ ಕಾಲು ಇಳಿಬಿಟ್ಟು ಕೂರುತ್ತಿದ್ದರು. ಎರಡು ವರ್ಷದಿಂದ ಅವರ ಕಿಟಕಿಗೆ ಕಾಣುವುದು ಪಕ್ಕದ ಮನೆಯ ನೀರಿನ ಟ್ಯಾಂಕು. ಅದರಲ್ಲಿರೋದೂ ನೀರೇ ತಾನೇ ಎಂದು ಅವರ ಮಗ, ಅಂದರೆ ನಮ್ಮ ಯಜಮಾನರು, ಒಮ್ಮೆ ಸಮಾಧಾನ ಹೇಳಲು ಹೋಗಿ ಚೆನ್ನಾಗಿ ಉಗಿಸಿಕೊಂಡರು.

ಸರಿ, ವಿನಾಯಿತಿ ಕೇಳಿ ಅರ್ಜಿ ಹಾಕಿದೆವು. ಅದರಲ್ಲಿ 'ಕಷ್ಟವೇನು?' ಎಂಬ ಕಾಲಂ ಇತ್ತು. 'ಅಮ್ಮನಿಗೆ ನಡೆಯಲಾಗುವುದಿಲ್ಲ' ಎಂದು ಯಜಮಾನರು ಬರೆದರು. ಅರ್ಜಿ ಮೂರು ತಿಂಗಳು ಕಚೇರಿಯಲ್ಲಿ ನಿದ್ದೆ ಹೊಡೆದು ವಾಪಸು ಬಂತು. ಯಾಕೆಂದು ಕೇಳಲು ಹೋದರೆ ಗುಮಾಸ್ತರು ಕನ್ನಡಕ ಹಣೆಗೇರಿಸಿದರು.

"ಕಷ್ಟ ಮನುಷ್ಯರಿಗಿದ್ರೆ ಆಗಲ್ಲಮ್ಮ. ಜಾಗಕ್ಕಿರಬೇಕು. ಬಂಡೆನೋ, ಇಳಿಜಾರೋ, ಅಂಥದ್ದೇನಾದ್ರೂ."

"ಜಾಗ ಚೆನ್ನಾಗಿದೆ ಸಾರ್. ಮಂಡಿನೋವು ಗಿಂಡಿನೋವು ಏನೂ ಇಲ್ಲ," ಎಂದೆ.

ಅವರಿಗೆ ನಗು ಬರಲಿಲ್ಲ. ಸಮಿತಿಯ ಮುಂದೆ ಹೇಳಿಕೊಳ್ಳಿ ಎಂದು ತಾರೀಖು ಕೊಟ್ಟರು.

ನಾನೂ ಬರುತ್ತೇನೆ ಎಂದು ಅತ್ತೆ ಹಠ ಹಿಡಿದರು. ನಡೆಯಲಾಗದವರ ಅಹವಾಲು ಕೇಳುವ ಆ ಸಭೆ ಇದ್ದದ್ದು ಮೊದಲನೇ ಮಹಡಿಯಲ್ಲಿ. ಕುರ್ಚಿ ಸಮೇತ ಹೊತ್ತುಕೊಂಡು ಹೋದೆವು. ಉದ್ದನೆಯ ಮೇಜಿನ ಹಿಂದೆ ಐದು ಜನ. ಅಧ್ಯಕ್ಷರು ಬಹಳ ಮೃದುವಾಗಿ ಶುರು ಮಾಡಿದರು.

"ಅಜ್ಜಿ, ನಿಮ್ಮ ಕಷ್ಟ ಅರ್ಥ ಆಗುತ್ತೆ. ಆದ್ರೆ ಮುಂದೆ ಯಾವತ್ತಾದ್ರೂ ನೀವು... ಅಂದ್ರೆ..."

"ಸತ್ತಮೇಲೆ ಅನ್ನಿ. ನಾನೇನೂ ಬೇಜಾರು ಮಾಡ್ಕೊಳ್ಳಲ್ಲ."

"ಆಮೇಲೂ ವರಾಂಡ ಅಲ್ಲೇ ಇರುತ್ತಲ್ಲ ಅಜ್ಜಿ?"

"ಇರೋದು ಬೇಡ. ನಾನು ಹೋದ್ಮೇಲೆ ಒಂದು ತಿಂಗಳೊಳಗೆ ಕೆಡವ್ತೀವಿ ಅಂತ ಬರೆಸ್ಕೊಳ್ಳಿ."

ಐವರೂ ಮುಖ ಮುಖ ನೋಡಿಕೊಂಡರು. ಕಾನೂನಿಗೆ ಇಷ್ಟು ಹೊಂದಿಕೊಂಡು ಸಾಯಲು ಒಪ್ಪಿದವರನ್ನು ಅವರು ಕಂಡಿರಲಿಲ್ಲವೇನೋ. ಹತ್ತೇ ನಿಮಿಷದಲ್ಲಿ ಮುಚ್ಚಳಿಕೆ ಟೈಪಾಗಿ ಬಂತು: 'ತಾಯಿಯ ಮರಣದ ಮೂವತ್ತು ದಿನದೊಳಗೆ ಸದರಿ ವರಾಂಡವನ್ನು ಸ್ವಂತ ಖರ್ಚಿನಲ್ಲಿ ಕೆಡವತಕ್ಕದ್ದು.' ಮೂರು ತಿಂಗಳು ಮಲಗಿದ್ದ ಕಚೇರಿಗೆ ಅಷ್ಟು ಚುರುಕು ಎಲ್ಲಿತ್ತೋ! ಮನೆ ನಮ್ಮಿಬ್ಬರ ಹೆಸರಿನಲ್ಲಿದ್ದುದರಿಂದ ಯಾರಾದರೊಬ್ಬರ ಸಹಿ ಸಾಕೆಂದರು.

ಯಜಮಾನರು ಪೆನ್ನು ತೆಗೆದುಕೊಂಡರು. ಓದಿದರು. ಮತ್ತೊಮ್ಮೆ ಓದಿದರು. "ಬೇಡಮ್ಮ, ಮನೆಗೆ ಹೋಗೋಣ," ಎಂದರು.

ಅತ್ತೆ ಮಗನ ಕೈಯಿಂದ ಪೆನ್ನು ಕಿತ್ತುಕೊಂಡು ನನ್ನತ್ತ ಚಾಚಿದರು.

"ಇವನ ಕೈಲಾಗಲ್ಲ. ನೀನು ಹಾಕು. ನಮ್ಮನೇಲಿ ಗಟ್ಟಿಗಿತ್ತಿ ಅಂದ್ರೆ ನೀನೊಬ್ಬಳೇ."

ಹದಿನೆಂಟು ವರ್ಷ ನನ್ನ ಅಡುಗೆ, ನನ್ನ ಬಾಯಿ, ನನ್ನ ತವರು ಯಾವುದನ್ನೂ ಬಿಡದೆ ಆಡಿಕೊಂಡವರು ನನ್ನನ್ನು ಹೊಗಳಿದ್ದು ಅದೇ ಮೊದಲು. ಅಳು ಒತ್ತರಿಸಿಕೊಂಡು ಬಂತು. ಸಹಿ ಹಾಕಿದೆ.

ಗುಮಾಸ್ತರು ಕಾಗದ ಎತ್ತಿ ಬೆಳಕಿಗೆ ಹಿಡಿದರು. "ಸೊಟ್ಟಗಿದೆಯಲ್ಲಮ್ಮ. ಇನ್ನೊಂದ್ಸಲ ಹಾಕಿ."

ಹಾಕಿದೆ. ಅದು ಇನ್ನೂ ಕೆಟ್ಟದಾಗಿ ಬಂತು.